ಒಂದೇ ಘಟಕದ ನೀರು

ಉತ್ತರ ಇಂಗ್ಲೆಂಡಿನ ಒಂದು ನಗರಾಡಳಿತದ ಸಾರ್ವಜನಿಕ ಆರೋಗ್ಯ ವಿಭಾಗಕ್ಕೆ ಸೇರಿದ ಮೊದಲ ವಾರ ನನ್ನ ಕೈಗೆ ಬಂದದ್ದು ಒಂದು ನಕಾಶೆ. ಇಡೀ ದೇಶವನ್ನು ಸುಮಾರು 1,500 ಜನರ ಸಣ್ಣ ತುಂಡುಗಳಾಗಿ ಒಡೆದು (2019ರ ಲೆಕ್ಕದಲ್ಲಿ ಅಂಥವು 32,844), ಆದಾಯ, ಉದ್ಯೋಗ, ಶಿಕ್ಷಣ, ವಸತಿ ಮೊದಲಾದ ಏಳು ಬಾಬತ್ತುಗಳನ್ನು ತೂಗಿ, ಯಾವ ಓಣಿ ಎಷ್ಟು ಹಿಂದುಳಿದಿದೆಯೆಂದು ಅದರಲ್ಲಿ ಬಣ್ಣ ಹಚ್ಚಿರುತ್ತಾರೆ. ಲಸಿಕೆ ಶಿಬಿರ ಎಲ್ಲಿ ಹಾಕಬೇಕೆಂಬ ಮಾತು ಶುರುವಾಗುವುದೇ ಆ ನಕಾಶೆಯ ಮುಂದೆ.

ಶ್ರಾವಣದಲ್ಲಿ ಚಳ್ಳಕೆರೆ ತಾಲ್ಲೂಕಿನ ನಮ್ಮೂರಿಗೆ ರಜೆಗೆ ಬಂದಾಗಲೂ ಓಣಿ ಓಣಿಯನ್ನು ಬೇರೆಯಾಗಿ ನೋಡುವ ಆ ಅಭ್ಯಾಸ ಬಿಡಲಿಲ್ಲ. ನಮ್ಮ ಕಡೆಯ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬೆರೆಯುತ್ತದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಿಯಮ, ಮೀರಿದ್ದಕ್ಕೆ ಸಾಕ್ಷಿ ನನ್ನ ಓರಗೆಯವರ ಕಂದು ಹಲ್ಲುಗಳು. ಈಗ ಶುದ್ಧ ನೀರಿನ ಘಟಕ ಬಂದಿದೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಊರಿನವರು ಕ್ಯಾನು ಬೈಕಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಒಂದೂವರೆ ಕಿಲೋಮೀಟರ್ ಆಚೆಯ ಹಟ್ಟಿಯ ಹೆಂಗಸರು ಶೇಂಗಾ ಹೊಲದ ಕಳೆ ಮುಗಿಸಿ ಕೊಡ ಹೊತ್ತು ಬರುವ ಹೊತ್ತಿಗೆ ಕರೆಂಟ್ ಹೋಗಿರುತ್ತದೆ, ಬರಿಗೈಲಿ ಮರಳಿ ಮತ್ತೆ ಹಳೆಯ ಬೋರಿನ ನೀರನ್ನೇ ತುಂಬಿಕೊಳ್ಳುತ್ತಾರೆ. ಹಾಲಿನಲ್ಲಿರುವಂಥ ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆಯಿರುವ ಊಟ ಫ್ಲೋರೈಡಿನ ಹಾನಿಯನ್ನು ಹೆಚ್ಚಿಸುತ್ತದೆ. ಕರೆದ ಹಾಲೆಲ್ಲ ಡೇರಿಗೆ ಹೋಗುವುದೂ ಅದೇ ಹಟ್ಟಿಯ ಮನೆಗಳಿಂದ. ಕಾಗದದಲ್ಲಿ ಮಾತ್ರ ಊರೂ ಹಟ್ಟಿಯೂ ಒಂದೇ ಗ್ರಾಮ, ಘಟಕವಿರುವ ಗ್ರಾಮ.

ನಕಾಶೆಯಿದ್ದ ಮಾತ್ರಕ್ಕೆ ಇಂಗ್ಲೆಂಡ್ ಉದ್ಧಾರವಾಗಿದೆ ಎಂದು ಹೇಳಲಾರೆ. ಅತಿ ಬಡ ಬಡಾವಣೆಯವರು ಸಿರಿವಂತ ಬಡಾವಣೆಯವರಿಗಿಂತ ಸರಾಸರಿ ಏಳು ವರ್ಷ ಮೊದಲೇ ಸಾಯುತ್ತಾರೆಂದು ಆರೋಗ್ಯದ ಅಸಮಾನತೆಯನ್ನು ಅಧ್ಯಯನ ಮಾಡುವ ಮೈಕಲ್ ಮಾರ್ಮಟ್ 2010ರ ವರದಿಯಲ್ಲಿ ತೋರಿಸಿದ್ದರು. ಹತ್ತು ವರ್ಷದ ನಂತರ ಅವರೇ ಮತ್ತೆ ಲೆಕ್ಕ ಹಾಕಿದಾಗ ಅಂತರ ಹಿಗ್ಗಿತ್ತು, ಅತಿ ಬಡ ಪ್ರದೇಶಗಳ ಹೆಂಗಸರ ಆಯಸ್ಸು ಇಳಿದೇ ಹೋಗಿತ್ತು. ಆದರೆ ಇಳಿದದ್ದು ಯಾರದೆಂದು ಬೆರಳಿಟ್ಟು ಹೇಳಲು ಅಲ್ಲಿ ಸಾಧ್ಯವಾಯಿತು, ತಾಲ್ಲೂಕಿನ ಸರಾಸರಿಯಲ್ಲಿ ನಮ್ಮ ಹಟ್ಟಿ ಕಾಣುವುದೇ ಇಲ್ಲ.

ನಮ್ಮಲ್ಲೂ ಯೋಜನೆ ಹಾಕಲು ಜಾಗವಿಲ್ಲವೆಂದಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯೆಂದು ಒಂದಿದೆ, ಅದಕ್ಕೆ ತಾನೇ ತೀರ್ಮಾನಿಸಿ ಖರ್ಚು ಮಾಡಬಹುದಾದ, ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿಯೂ ಉಂಟು. ಹಟ್ಟಿಗೆ ಒಂದು ತಳ್ಳುಗಾಡಿಯಲ್ಲಿ ನೀರು ಕಳಿಸಬಹುದಲ್ಲವೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಆಕೆ ರಿಜಿಸ್ಟರ್ ಮಡಚಿ ನಕ್ಕರು: “ಸಭೆ ಇಡೋದು ಬೆಳಿಗ್ಗೆ ಹನ್ನೊಂದಕ್ಕೆ. ಹಟ್ಟಿಯವರು ಆವಾಗ ಹೊಲದಾಗೆ ಇರ್ತಾರೆ.”