ಒಂದು ಸಿಲಿಂಡರ್ ಮನೆಯಲ್ಲೇ ಬಿಟ್ಟು ಹೊರಟಾಗ

ಊರಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು. "ಮನೇನೇ ಗಾಡಿ ಮೇಲೆ ಇಟ್ಕೊಂಡು ಯುರೋಪ್ ಸುತ್ತಿದ್ರಂತೆ, ಹೇಗಿತ್ತು?" ನಾವು ಕಳಿಸಿದ ಫೋಟೋಗಳಲ್ಲಿ ಸಮುದ್ರ ಇದೆ, ಬೆಟ್ಟ ಇದೆ, ಗಾಡಿ ಮುಂದೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವ ಅಪ್ಪ ಅಮ್ಮ ಇದ್ದಾರೆ. ಆ ಕಾಫಿ ಕಾಯಿಸುವಾಗ ಗ್ಯಾಸ್ ಎಷ್ಟು ಉಳಿದಿತ್ತು ಅನ್ನೋದು ಫೋಟೋದಲ್ಲಿ ಇಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ನಾವಿರುವುದು ಮ್ಯೂನಿಕ್ ಹತ್ತಿರ. ಇಲ್ಲಿ ಶಾಲೆಗೆ ದೊಡ್ಡ ರಜೆ ಆಗಸ್ಟ್‌ನಲ್ಲಿ. ಕಳೆದ ವರ್ಷ ಆ ಹೊತ್ತಿಗೆ ಅಪ್ಪ ಅಮ್ಮ ಚಿಕ್ಕಮಗಳೂರಿನಿಂದ ಬಂದಿದ್ದರು. ಹೆಂಡತಿ, ಹತ್ತು ವರ್ಷದ ಮಗಳು, ನಾನು ಸೇರಿ ಐದು ಜನ. 7 ಮೀಟರ್ ಉದ್ದದ, 3 ಮೀಟರ್ ಎತ್ತರದ, ಒಲೆ, ಹಾಸಿಗೆ, ಕಕ್ಕಸು ಎಲ್ಲಾ ಒಳಗೇ ಇರುವ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತೆಗೆದುಕೊಂಡೆವು. ಆಸ್ಟ್ರಿಯಾ ದಾಟಿ ಸ್ಲೊವೇನಿಯಾ, ಕ್ರೊಯೇಷಿಯಾ, ಆಮೇಲೆ ಇಟಲಿಯ ಬೆಟ್ಟಗಳು, ಇಟಲಿ, ಆಸ್ಟ್ರಿಯಾ ನಡುವಿನ ಬ್ರೆನ್ನರ್ ಘಾಟಿ ದಾರಿಯಲ್ಲಿ ವಾಪಸ್. ಮೂರು ವಾರ. ಕ್ರೊಯೇಷಿಯಾ 2023ರ ಜನವರಿ 1ಕ್ಕೆ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪಿಗೆ, ಸೇರಿದ್ದರಿಂದ ಅಪ್ಪ ಅಮ್ಮನಿಗೆ ಬೇರೆ ವೀಸಾ ಬೇಕಾಗಲಿಲ್ಲ.

ತೊಂದರೆ ಶುರುವಾಗಿದ್ದು ಹೊರಡುವ ಮೊದಲೇ. ಇಲ್ಲಿ ಕಾರಿನ ಲೈಸೆನ್ಸ್‌ನಲ್ಲಿ 3.5 ಟನ್‌ವರೆಗಿನ ಗಾಡಿ ಮಾತ್ರ ಓಡಿಸಬಹುದು. ಈ ಗಾಡಿಯ ಖಾಲಿ ತೂಕವೇ ಸುಮಾರು 3 ಟನ್. ಜನ, ಬಟ್ಟೆ, ಸಾಮಾನು, ನೀರು, ಗ್ಯಾಸ್ ಎಲ್ಲಾ ಉಳಿದ ನಾನೂರೈವತ್ತು, ಐನೂರು ಕಿಲೋದೊಳಗೆ ಬರಬೇಕು. ಅನುಮಾನ ಬಂದು ಊರಾಚೆ ಜಲ್ಲಿ ಮಾರುವ ಕಡೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. 3,610 ಕಿಲೋ! ಹೀಗೇ ಹೋಗಿ ಪೊಲೀಸರು ತೂಕ ಹಾಕಿಸಿದರೆ ದಂಡ ಕಟ್ಟಬೇಕು, ಭಾರ ಇಳಿಸದೆ ಮುಂದೆ ಬಿಡುವುದೂ ಇಲ್ಲ.

ಮನೆಗೆ ವಾಪಸ್ ಬಂದು ಇಳಿಸಲು ಶುರು ಮಾಡಿದೆವು. ಅಮ್ಮ ಹಟ ಹಿಡಿದು ಹೇರಿಸಿದ್ದ ಗ್ರೈಂಡರ್ ಇಳಿಯಿತು. ಅಕ್ಕಿ ಅರ್ಧ ಇಳಿಯಿತು. ನೂರು ಲೀಟರ್ ನೀರಿನಲ್ಲಿ ಎಂಬತ್ತು ಲೀಟರ್ ಚೆಲ್ಲಿದೆವು. ಕೊನೆಗೆ ಎರಡು ಸಿಲಿಂಡರ್‌ಗಳಲ್ಲಿ ಒಂದನ್ನು ನೆಲಮಾಳಿಗೆಯಲ್ಲಿ ಇಟ್ಟೆ. ಇಲ್ಲಿನ ಸಿಲಿಂಡರ್ ನಮ್ಮ ಊರಿನ 14.2 ಕಿಲೋದ್ದಲ್ಲ, 11 ಕಿಲೋದ್ದು. ಕಬ್ಬಿಣ ಸೇರಿ ಇಪ್ಪತ್ತೆರಡು ಕಿಲೋ ಹತ್ತಿರ ತೂಗುತ್ತದೆ. "ಮುಗಿದ್ರೆ ದಾರೀಲಿ ಬದಲಾಯಿಸಿಕೊಳ್ಳೋಣ ಬಿಡಿ" ಅಂದೆ. ಮುಂದಿನ ಮುಕ್ಕಾಲು ಪಾಲು ಕಷ್ಟ ಈ ಒಂದು ಮಾತಿನಿಂದ ಬಂತು.

ಮೊದಲ ದಿನವೇ ನೀರಿನ ಪಾಠ. ಆಸ್ಟ್ರಿಯಾದಿಂದ ಸ್ಲೊವೇನಿಯಾಗೆ ಹೋಗುವಾಗ ಬೆಟ್ಟದೊಳಗೆ ಕಾರವಾಂಕೆನ್ ಸುರಂಗ ಸಿಗುತ್ತದೆ, ಸುಮಾರು 8 ಕಿಲೋಮೀಟರ್. ಅದನ್ನು ದಾಟಿ ಬ್ಲೆಡ್ ಊರಿನ ಕಡೆಗೆ ತಿರುಗುವ ವೃತ್ತದಲ್ಲಿ ಹಿಂದೆ ಧಡಾರ್ ಅಂತ ಸದ್ದು. ಕಪಾಟಿನ ಚಿಲಕ ಒತ್ತಿರಲಿಲ್ಲ. ಹಿಂದಿನ ರಾತ್ರಿ ಅಮ್ಮ ರುಬ್ಬಿ ತುಂಬಿಸಿದ್ದ ಇಡ್ಲಿ ಹಿಟ್ಟಿನ ಸ್ಟೀಲ್ ಡಬ್ಬಿ ಕೆಳಗೆ ಬಿದ್ದಿತ್ತು. ಬಿಸಿಲಿಗೆ ಹಿಟ್ಟು ಆಗಲೇ ಉಬ್ಬಿತ್ತು. ಮುಚ್ಚಳ ಹಾರಿ ನೆಲ, ಸೀಟಿನ ಸಂದು, ಮಗಳ ಚಪ್ಪಲಿ, ಹೀಟರ್‌ನ ಗಾಳಿ ಬರುವ ಜಾಲರಿ, ಎಲ್ಲಾ ಕಡೆ ಹಿಟ್ಟೇ ಹಿಟ್ಟು. ತೊಳೆಯೋಣ ಅಂದರೆ ಟ್ಯಾಂಕಿನಲ್ಲಿ ಉಳಿದಿದ್ದದ್ದೇ ಇಪ್ಪತ್ತು ಲೀಟರ್. ಪೆಟ್ರೋಲ್ ಬಂಕ್ ಪಕ್ಕ ನಿಲ್ಲಿಸಿ ಅಮ್ಮ ಮತ್ತು ಹೆಂಡತಿ ಹಳೇ ಟವೆಲ್‌ನಲ್ಲಿ ಬಳಿದು ಬಳಿದು ತೆಗೆದರು. ಎರಡು ಗಂಟೆ ಹಿಡಿಯಿತು. ಜಾಲರಿಯೊಳಗೆ ಹೋದದ್ದು ಹೋಯಿತು. ಮೂರು ವಾರವೂ ಗಾಡಿಯಲ್ಲಿ ಹುಳಿ ವಾಸನೆ ಇತ್ತು.

ಕಕ್ಕಸಿನ ವಿಷಯವನ್ನೂ ಹೇಳಿಬಿಡುತ್ತೇನೆ, ಯಾರೂ ಇದನ್ನು ಹೇಳುವುದಿಲ್ಲ. ಒಲೆಗೂ ಅದರ ಬಾಗಿಲಿಗೂ ಮಧ್ಯೆ ಒಂದು ಮಾರು ಕೂಡ ಇಲ್ಲ. ಅಮ್ಮನಿಗೆ ಅದು ಸಹಿಸಲಾಗಲಿಲ್ಲ. ಅಡುಗೆ ಮಾಡುವ ಹೊತ್ತಿಗೆ ಯಾರೂ ಆ ಕಡೆ ಹೋಗಬಾರದು ಅಂತ ನಿಯಮ ಮಾಡಿದರು, ನಾವು ಪಾಲಿಸಿದೆವು. ಕೆಳಗೆ ಇಪ್ಪತ್ತು ಲೀಟರ್ ಒಳಗಿನ ಒಂದು ಪೆಟ್ಟಿಗೆ ಇರುತ್ತದೆ. ಐದು ಜನರಿಗೆ ಅದು ಒಂದೂವರೆ ದಿನಕ್ಕೆ ತುಂಬುತ್ತದೆ. ಎಲ್ಲೆಂದರಲ್ಲಿ ಚೆಲ್ಲುವ ಹಾಗಿಲ್ಲ, ಅದಕ್ಕೇ ಅಂತ ಇರುವ ಜಾಗಕ್ಕೆ ಹೊತ್ತುಕೊಂಡು ಹೋಗಬೇಕು. ಆ ಕೆಲಸ ನನ್ನದು.

ಕ್ರೊಯೇಷಿಯಾದಲ್ಲಿ ಸೆನ್ಯ್ ಊರಿನ ದಕ್ಷಿಣಕ್ಕೆ, ಸಮುದ್ರದ ದಡದಲ್ಲಿ ಇಂಥ ಗಾಡಿಗಳು ತಂಗುವ ಒಂದು ಕ್ಯಾಂಪ್‌ನಲ್ಲಿ ಉಳಿದಿದ್ದೆವು. ಹಿಂದೆ ವೆಲೆಬಿಟ್ ಬೆಟ್ಟಸಾಲು, ಮುಂದೆ ನೀಲಿ ನೀರು. ಗಾಡಿಯ ಪಕ್ಕದಿಂದ ಬಟ್ಟೆಯ ಚಪ್ಪರ ಎಳೆದು, ಕೆಳಗೆ ಚಾಪೆ ಹಾಸಿ ಅಮ್ಮ ಮಧ್ಯಾಹ್ನ ಮಲಗಿದ್ದರು. ಪಕ್ಕದ ಗಾಡಿಯ ವಯಸ್ಸಾದ ಹೆಂಗಸು ಬಂದು ಬೆಟ್ಟದ ತುದಿ ತೋರಿಸಿದರು. ಶಿಖರದ ಉದ್ದಕ್ಕೂ ಬಿಳಿ ಮೋಡ ಟೋಪಿ ಹಾಕಿದ ಹಾಗೆ ಕೂತಿತ್ತು. "ಬುರಾ, ಬುರಾ" ಅಂದು ನಮ್ಮ ಚಪ್ಪರದ ಕಡೆ ಕೈ ಮಾಡಿದರು. ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಸಂಜೆ ಮಡಚಿದರಾಯಿತು ಅಂತ ಸುಮ್ನಿದ್ದೆ.

ಬುರಾ ಅಂದರೆ ಬೆಟ್ಟದ ಆಚೆಯ ತಣ್ಣನೆ ಗಾಳಿ ಶಿಖರ ದಾಟಿ ಸಮುದ್ರಕ್ಕೆ ಧುಮುಕುವುದು. ನಮ್ಮ ಕರಾವಳಿಯ ಗಾಳಿ ಸಮುದ್ರದಿಂದ ಬರುತ್ತದೆ, ಇದು ಬೆಟ್ಟದಿಂದ ಬೀಳುತ್ತದೆ. ಒಂದೇ ಸಮನೆ ಬೀಸುವುದಿಲ್ಲ, ಏಟು ಕೊಟ್ಟ ಹಾಗೆ ಬರುತ್ತದೆ. ಎರಡನೇ ಏಟಿಗೆ ಚಪ್ಪರ ಮೇಲೆದ್ದು ಗಾಡಿಯ ಮಾಡಿಗೆ ಬಡಿಯಿತು. ಕಾಲುಕಂಬ ಬಾಗಿತು, ಬಟ್ಟೆ ಉದ್ದಕ್ಕೆ ಹರಿಯಿತು. ಅಮ್ಮನನ್ನು ಮಗಳು ಕೈ ಹಿಡಿದು ಎಳೆದು ಒಳಗೆ ತಂದಿದ್ದಳು. ಅದು ನೆನಪಾದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆ ಹೆಂಗಸಿನ ಮಾತು ಅವತ್ತೇ ಕೇಳಬೇಕಿತ್ತು.

ರಾತ್ರಿಯಿಡೀ ಗಾಡಿ ತೊಟ್ಟಿಲಿನ ಹಾಗೆ ತೂಗಿತು. ಮಾರನೇ ದಿನ ಕರಾವಳಿ ರಸ್ತೆಯನ್ನು ಎತ್ತರದ ಗಾಡಿಗಳಿಗೆ ಮುಚ್ಚಿದ್ದರು. ಬುರಾ ಜೋರಾದಾಗ ಅಲ್ಲಿ ಹೀಗೆ ಮುಚ್ಚುವುದು ಮಾಮೂಲು. ಎರಡು ದಿನ ಒಳಗೇ ಕೂತೆವು. ಕ್ಯಾಂಪ್‌ನಲ್ಲಿ ಕರೆಂಟೂ ಹೋಗಿತ್ತು. ಹಾಗಾಗಿ ಒಲೆ, ಬಿಸಿನೀರು, ಫ್ರಿಜ್ ಎಲ್ಲವೂ ಗ್ಯಾಸ್ ಮೇಲೆ. ಕರೆಂಟ್ ಇಲ್ಲದ ಕಡೆ ಈ ಗಾಡಿಗಳ ಫ್ರಿಜ್ ಕೂಡ ಗ್ಯಾಸ್‌ನಲ್ಲೇ ನಡೆಯುತ್ತದೆ.

ಗಾಳಿ ನಿಂತ ಮೇಲೆ ಅಮ್ಮ ಒದ್ದೆ ಬಟ್ಟೆ ತೆಗೆದುಕೊಂಡು ಸಿಲಿಂಡರ್ ಮೇಲಿಂದ ಕೆಳಗೆ ಒರೆಸಿದರು. ಗ್ಯಾಸ್ ಇಲ್ಲದ ಭಾಗ ಬೇಗ ಒಣಗಿತು. ಒದ್ದೆ ಉಳಿದ ಕಡೆ ಬೆರಳಿಟ್ಟು ಅಳೆದರು. "ನಾಲ್ಕು ಬೆರಳು ಇದೆ ಅಷ್ಟೇ" ಅಂದರು. ಬದಲಾಯಿಸಲು ಹೋದರೆ ಜರ್ಮನಿಯ ಸಿಲಿಂಡರ್ ಅಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಒಂದೊಂದು ದೇಶದ ಸಿಲಿಂಡರ್ ಬೇರೆ, ಬಾಯಿ ಬೇರೆ. ರೆಗ್ಯುಲೇಟರ್‌ಗೆ ಹಾಕುವ ಅಡಾಪ್ಟರ್ ನಮ್ಮ ಹತ್ತಿರ ಇರಲಿಲ್ಲ. ಇಟಲಿಯಲ್ಲೂ ಅದೇ ಕಥೆ. ಕೊನೆಗೆ ಒಂದು ಇಂಡಕ್ಷನ್ ಒಲೆ ಕೊಂಡೆವು. ಕ್ಯಾಂಪ್‌ನಲ್ಲಿ ಕೊಡುವುದು 6 ಆಂಪಿಯರ್ ಕರೆಂಟ್, ಅಂದರೆ 1,300 ವ್ಯಾಟ್ ಚಿಲ್ಲರೆ. ಅನ್ನಕ್ಕಿಟ್ಟು ಜೋರು ಮಾಡಿದರೆ ಫ್ಯೂಸ್ ಬೀಳುತ್ತಿತ್ತು.

ಇಟಲಿಯ ಡಾಲಮೈಟ್ಸ್ ಬೆಟ್ಟದಲ್ಲಿ ಪೊರ್ದೊಯಿ ಅನ್ನುವ ಘಾಟಿ ಇದೆ, 2,239 ಮೀಟರ್ ಎತ್ತರ. ಅರಬ್ಬಾ ಊರಿನ ಕಡೆಯಿಂದ ಹತ್ತಲು 33 ಹೇರ್‌ಪಿನ್ ತಿರುವು. ಹತ್ತಿದ್ದು ಚೆನ್ನಾಗೇ ಆಯಿತು. ಕನಜೇಯಿ ಕಡೆ ಇಳಿಯುವಾಗ ನಾನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದೆ. ಅಪ್ಪ ಹಿಂದಿನ ಸೀಟಿನಲ್ಲಿದ್ದರು. ಅವರು ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು, ಚಾರ್ಮಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. ಈ ಪ್ರವಾಸದಲ್ಲಿ ನನ್ನ ಡ್ರೈವಿಂಗ್ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವತ್ತು ಮೆಲ್ಲಗೆ, "ಮಗಾ, ಬ್ರೇಕ್ ಸುಡ್ತಾ ಇದೆ. ಪಕ್ಕಕ್ಕೆ ಹಾಕು" ಅಂದರು. ನನಗೆ ವಾಸನೆ ಬಂದಿದ್ದು ಅವರು ಹೇಳಿದ ಮೇಲೆ. ಪೆಡಲ್ ಕೂಡ ಮೆತ್ತಗಾಗಿ ಒಳಗೆ ಹೋಗುತ್ತಿತ್ತು.

ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಲು ಹೋದೆ. "ಬೇಡ, ಅಂಟಿಕೊಳ್ಳುತ್ತೆ. ಗೇರಲ್ಲಿ ಬಿಡು, ಟೈರಿಗೆ ಕಲ್ಲು ಕೊಡು" ಅಂದರು. ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಗಾಬರಿಯಲ್ಲಿ ನೀರಿನ ಬಾಟಲಿ ಎತ್ತಿದೆ. ಅಪ್ಪ ಕೈ ಹಿಡಿದರು. "ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಿದ್ರೆ ಸೀಳುತ್ತೆ." ಮುಕ್ಕಾಲು ಗಂಟೆ ರಸ್ತೆ ಬದಿ ಕೂತೆವು. ಆಮೇಲೆ ಅಪ್ಪ ಮುಂದೆ ನನ್ನ ಪಕ್ಕದ ಸೀಟಿಗೆ ಬಂದರು. "ಹತ್ತಿದ ಗೇರಲ್ಲೇ ಇಳೀಬೇಕು" ಅಂದರು, ನನ್ನ ಕೈಲಿ ಎರಡನೇ ಗೇರಿನಲ್ಲೇ ಕೊನೆಯವರೆಗೂ ಇಳಿಸಿದರು.

ಆ ರಾತ್ರಿ ಕಣಿವೆಯ ಕ್ಯಾಂಪ್‌ನಲ್ಲಿ ವಿಪರೀತ ಚಳಿ. ಸೆಪ್ಟೆಂಬರ್ ಮೊದಲ ವಾರ ಅಷ್ಟೇ. ಉಳಿದ ಗ್ಯಾಸ್ ಅಡುಗೆಗೆ ಇರಲಿ ಅಂತ ಹೀಟರ್ ಆರಿಸಿ, ಇದ್ದ ಕಂಬಳಿ ಎಲ್ಲಾ ಹೊದ್ದು ಮಲಗಿದೆವು. ಬೆಳಗಿನ ಜಾವ ಗಾಡಿ ಕೆಳಗೆ ಜುಳುಜುಳು ಸದ್ದು. ಮಳೆ ಅಂದುಕೊಂಡೆ. ಎದ್ದು ನೋಡಿದರೆ ನಲ್ಲಿಯಲ್ಲಿ ಹನಿ ನೀರಿಲ್ಲ, ಪಂಪ್ ಮಾತ್ರ ಗರ್ ಅನ್ನುತ್ತಿದೆ. ಬಿಸಿನೀರಿನ ಬಾಯ್ಲರ್ ಪಕ್ಕ ಒಂದು ವಾಲ್ವ್ ಇರುತ್ತದೆ. ಅಲ್ಲಿ ಶಾಖ 3 ಡಿಗ್ರಿಗೆ ಇಳಿದರೆ ಅದು ತಾನಾಗೇ ತೆರೆದುಕೊಂಡು ನೀರು ಹೊರಗೆ ಬಿಡುತ್ತದೆ, ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೆಯಬಾರದು ಅಂತ. ಪಂಪ್ ಆರಿಸಿರಲಿಲ್ಲವಾದ್ದರಿಂದ ಇಡೀ ಟ್ಯಾಂಕ್ ಖಾಲಿ. ಮುಚ್ಚಲು ಗುಂಡಿ ಒತ್ತಿದರೆ ನಿಲ್ಲುವುದಿಲ್ಲ. ಅದು 7 ಡಿಗ್ರಿ ಆದಮೇಲೇ ಮುಚ್ಚುವುದು.

ಬಾಟಲಿಯಲ್ಲಿದ್ದ ಕುಡಿಯುವ ನೀರನ್ನು ಅಮ್ಮ ಕೊನೆಯ ಗ್ಯಾಸ್‌ನಲ್ಲಿ ಕಾಯಿಸಿ ಸ್ಟೀಲ್ ಚೊಂಬಿಗೆ ಸುರಿದರು. ಅಪ್ಪ ನೆಲದ ಮೇಲೆ ಮಂಡಿಯೂರಿ, ಟವೆಲ್ ಸುತ್ತಿದ ಚೊಂಬನ್ನು ವಾಲ್ವ್‌ಗೆ ಒತ್ತಿ ಹಿಡಿದರು. ಮಗಳು ಟಾರ್ಚ್ ಹಿಡಿದಿದ್ದಳು. ಹತ್ತು ನಿಮಿಷದ ಮೇಲೆ ಟಕ್ ಅಂತ ಕೂತಿತು. ಚೊಂಬಿನ ನೀರು ಇನ್ನೂ ಬಿಸಿ ಇತ್ತು, ಅಮ್ಮ ಅದನ್ನು ಹಾಗೇ ಡಿಕಾಕ್ಷನ್‌ಗೆ ಸುರಿದರು. ಮೊದಲು ಹೇಳಿದ ಕಾಫಿ ಫೋಟೋ ಅವತ್ತಿನದು.

ಬ್ರೆನ್ನರ್ ದಾಟಿ ಇನ್ಸ್‌ಬ್ರುಕ್ ಕಡೆ ಇಳಿಯುವಾಗ ಅಪ್ಪ ಮುಂದಿನ ಸೀಟಿನಲ್ಲೇ ಇದ್ದರು. 190 ಮೀಟರ್ ಎತ್ತರದ ಯುರೋಪಾ ಸೇತುವೆ ಬಂದಾಗಲೂ ಅವರು ಕಿಟಕಿಯಾಚೆ ನೋಡಲಿಲ್ಲ, ನನ್ನ ಕಾಲು ನೋಡುತ್ತಿದ್ದರು. ನಾನು ಬ್ರೇಕ್‌ನಿಂದ ಕಾಲು ತೆಗೆದು ಗೇರ್ ಇಳಿಸಿದೆ. ಎಂಜಿನ್ ಗಾಡಿಯನ್ನು ಹಿಡಿದುಕೊಂಡಿತು. ಅಪ್ಪ ಆಗ ತಲೆ ಎತ್ತಿ ಕಣಿವೆ ನೋಡಿದರು.