ಮೊರ ಹೆಣೆದವರ ಹೆಸರು

ದೆವ್ವದ ಸಿನಿಮಾ ಇದೆ ಅಂದಿದ್ದಕ್ಕೆ ಮಗಳು ಬಂದಳು. ಬುಟ್ಟಿ ಹೆಣೆಯುವವರ ಸಿನಿಮಾ ಅಂದಿದ್ದರೆ ಖಂಡಿತ ಬರುತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗಿ, ಶನಿವಾರ ಸಂಜೆ ಅಮ್ಮನ ಜೊತೆ ಹೊರಗೆ ಕಾಣಿಸಿಕೊಳ್ಳುವುದೇ ನನಗೆ ಮಾಡುವ ದೊಡ್ಡ ಉಪಕಾರ. ಪಕ್ಕದ ಮನೆಯ ಅಜ್ಜಿಯೂ ನಮ್ಮ ಕಾರಿನಲ್ಲೇ ಬಂದರು.

ಆಗಸ್ಟ್‌ನಲ್ಲಿ ಐರ್ಲೆಂಡಿನ ಊರೂರಲ್ಲೂ ಹೆರಿಟೇಜ್ ವೀಕ್ ನಡೆಯುತ್ತದೆ. ಒಂದು ಕಡೆ ಹಳೇ ಗಿರಣಿ ತೋರಿಸುತ್ತಾರೆ, ಇನ್ನೊಂದು ಕಡೆ ಗಾರೆ ಇಲ್ಲದೆ ಕಲ್ಲುಗೋಡೆ ಕಟ್ಟುವುದನ್ನು ಕಲಿಸುತ್ತಾರೆ. ಹೆಚ್ಚಿನದೆಲ್ಲ ಪುಕ್ಕಟೆ. ಗಾಲ್ವೇ ಹತ್ತಿರದ ನಮ್ಮ ಊರಿನ ಹಾಲ್‌ನಲ್ಲಿ ಈ ಸಲ ಇಲ್ಲಿಯವನೇ ಆದ ಒಬ್ಬ ನಿರ್ದೇಶಕನ ಕಿರುಚಿತ್ರಗಳಿದ್ದವು. ನಿರ್ದೇಶಕ ಅಂದರೆ ದೊಡ್ಡದಾಗಿ ಊಹಿಸಬೇಡಿ. ಮದುವೆ ವಿಡಿಯೋ ತೆಗೆದು ಸಂಪಾದಿಸುತ್ತಾನೆ, ಸಂಪಾದಿಸಿದ್ದನ್ನು ತನ್ನ ಸಿನಿಮಾಗಳಲ್ಲಿ ಕಳೆಯುತ್ತಾನೆ. ಅವನು ಮಾಡುವುದು ಎರಡೇ ಬಗೆಯವು. ಒಂದು, ಹತ್ತು ಹದಿನೈದು ನಿಮಿಷದ ಭಯದ ಕಥೆಗಳು. ಇನ್ನೊಂದು, ಹಳೇ ಕಸುಬಿನವರ ಮೇಲೆ ಸಾಕ್ಷ್ಯಚಿತ್ರಗಳು. ಇವೆರಡಕ್ಕೂ ಏನು ಸಂಬಂಧ ಅಂತ ನನಗೂ ಅನ್ನಿಸಿತ್ತು.

ಭಯದ ಕಥೆಗೆ ಕಾರಣ ಸರಳ, ಖರ್ಚು ಕಡಿಮೆ. ಒಂದು ಹಳೇ ಮನೆ, ಒಂದು ದೀಪ, ಒಬ್ಬರೋ ಇಬ್ಬರೋ ನಟರು ಇದ್ದರೆ ಸಾಕು. ಐರ್ಲೆಂಡಿನಲ್ಲಿ ಹೀಗೆ ಶುರು ಮಾಡಿದವರು ಬಹಳ ಜನ. ಬ್ರೆಂಡನ್ ಮುಲ್ಡೌನಿ ಅನ್ನುವವರು 2004ರಲ್ಲಿ 'ದ ಟೆನ್ ಸ್ಟೆಪ್ಸ್' ಅಂತ ಒಂದು ಕಿರುಚಿತ್ರ ಮಾಡಿದರು. ಮನೆಯಲ್ಲಿ ಕರೆಂಟು ಹೋಗುತ್ತದೆ. ಅಪ್ಪ ಅಮ್ಮ ಹೊರಗೆ ಹೋಗಿದ್ದಾರೆ. ಹುಡುಗಿ ನೆಲಮಾಳಿಗೆಗೆ ಇಳಿದು ಫ್ಯೂಸ್ ನೋಡಬೇಕು. ಅಪ್ಪ ಫೋನಿನಲ್ಲಿ ಧೈರ್ಯ ಹೇಳುತ್ತಾ ಮೆಟ್ಟಿಲು ಎಣಿಸು ಅನ್ನುತ್ತಾನೆ, ಇರೋದು ಹತ್ತೇ. ಹುಡುಗಿಯ ಎಣಿಕೆ ಹತ್ತಕ್ಕೆ ನಿಲ್ಲುವುದಿಲ್ಲ. ಇಷ್ಟೇ ಕಥೆ. ಅದನ್ನೇ ಬೆಳೆಸಿ ಅವರು 2022ರಲ್ಲಿ 'ದ ಸೆಲ್ಲರ್' ಅಂತ ಪೂರ್ತಿ ಸಿನಿಮಾ ಮಾಡಿದರು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ಮಲಗಿದ ಕಾಲದವಳು ನಾನು. ಸಣ್ಣ ಕಥೆ ಎಷ್ಟು ದೂರ ಹೋಗುತ್ತದೆ ಅನ್ನುವುದು ಗೊತ್ತು.

ನಮ್ಮ ಊರಿನವನ ಚಿತ್ರದಲ್ಲಿ ಒಬ್ಬ ಮನುಷ್ಯ ಸತ್ತುಹೋದ ಅಪ್ಪನ ಮನೆಗೆ ಬರುತ್ತಾನೆ. ರಾತ್ರಿ ಹಿತ್ತಿಲ ಕೊಟ್ಟಿಗೆಯಿಂದ ಕಿರ್ ಕಿರ್ ಅಂತ ಸದ್ದು. ಹೋಗಿ ನೋಡಿದರೆ ಯಾರೂ ಇಲ್ಲ. ಮಗಳು ನನ್ನ ತೋಳು ಹಿಡಿದುಕೊಂಡಳು. ಎಷ್ಟು ದಿನವಾಗಿತ್ತೋ ಅವಳು ಹಾಗೆ ಹಿಡಿದು.

ಆಮೇಲೆ ಬುಟ್ಟಿಯ ಚಿತ್ರ. ವಿಲ್ಲೋ ಅನ್ನುವ ಗಿಡದ ಕಡ್ಡಿಗಳನ್ನು ಚಳಿಗಾಲದಲ್ಲಿ ಕೊಯ್ದು ಒಣಗಿಸುತ್ತಾರೆ. ಹೆಣೆಯುವ ಮುಂಚೆ ನೀರಲ್ಲಿ ನೆನೆಹಾಕಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ಕ್ರೀಲ್ ಅಂತ ಒಂದು ದೊಡ್ಡ ಬುಟ್ಟಿ ಇದೆ. ಕತ್ತೆಯ ಎರಡೂ ಪಕ್ಕಕ್ಕೆ ನೇತು ಹಾಕಿ ಸಮುದ್ರದ ಪಾಚಿಯನ್ನೋ, ಒಲೆಗೆ ಹಾಕುವ ಟರ್ಫ್ ಮಣ್ಣಿನ ಇಟ್ಟಿಗೆಗಳನ್ನೋ ಹೊರಿಸುತ್ತಿದ್ದರು. ಅದನ್ನು ತಲೆಕೆಳಗಾಗಿ ಹೆಣೆಯುತ್ತಾರೆ. ಕಡ್ಡಿಗಳನ್ನು ನೆಲಕ್ಕೆ ನೆಟ್ಟು, ಬಾಯಿಯ ಕಡೆಯಿಂದ ಶುರು ಮಾಡಿ, ತಳವನ್ನು ಕೊನೆಗೆ ಮುಚ್ಚುತ್ತಾರೆ. ಸ್ಕಿಬ್ ಅಂತ ಇನ್ನೊಂದು, ಅಗಲವಾದ ತಟ್ಟೆಯಂಥ ಬುಟ್ಟಿ. ಬೇಯಿಸಿದ ಆಲೂಗಡ್ಡೆಯನ್ನು ನೀರಿನ ಸಮೇತ ಅದಕ್ಕೆ ಸುರಿದು ಬಸಿಯುತ್ತಿದ್ದರು. ಆಮೇಲೆ ಅದನ್ನೇ ಖಾಲಿ ಪಾತ್ರೆಯ ಮೇಲಿಟ್ಟು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಿದ್ದರು. ನನಗೆ ಅಮ್ಮನ ಅಡುಗೆಮನೆಯ ಸಿಬ್ಬಲು ನೆನಪಾಯಿತು. ಅನ್ನದ ಗಂಜಿ ಬಸಿಯುತ್ತಿದ್ದ ಬಿದಿರಿನ ತಟ್ಟೆ. ಕುಕ್ಕರ್ ಬಂದ ಮೇಲೆ ಅದು ಅಟ್ಟಕ್ಕೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಯಿತೋ.

ಅಷ್ಟರಲ್ಲಿ ಮಗಳು ಕಿವಿಯಲ್ಲಿ, "ಅಮ್ಮ, ಅದೇ ಸೌಂಡು!" ಅಂದಳು. ನಿಜ. ಬಾಗಿದ ವಿಲ್ಲೋ ಕಡ್ಡಿಯ ಕಿರ್ ಕಿರ್. ದೆವ್ವದ ಚಿತ್ರದಲ್ಲಿ ಕೇಳಿದ್ದೂ ಅದೇ. ಚಿತ್ರ ಮುಗಿದ ಮೇಲೆ ಅವಳು ಧೈರ್ಯ ಮಾಡಿ ನಿರ್ದೇಶಕನನ್ನೇ ಕೇಳಿದಳು. ಸಿಕ್ಕಿಬಿದ್ದ ಹಾಗೆ ನಕ್ಕುಬಿಟ್ಟ. ಸೌಂಡು ಕೊಂಡುಕೊಳ್ಳೋಕೆ ದುಡ್ಡು ಬೇಕು, ಇದು ಸುಮ್ನೆ ಸಿಕ್ಕಿತ್ತು ಅಂದ. ಸಂಬಂಧ ಏನು ಅನ್ನುವ ನನ್ನ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು.

ಕಸುಬಿನವರನ್ನು ಹೀಗೆ ಚಿತ್ರಿಸುವುದನ್ನು ಇಲ್ಲಿನವರಿಗೆ ಕಲಿಸಿದವರು ಡೇವಿಡ್ ಶಾ-ಸ್ಮಿತ್. ಅವರು ಹೆಂಡತಿ ಸ್ಯಾಲಿಯ ಜೊತೆ ಊರೂರು ಸುತ್ತಿ 'ಹ್ಯಾಂಡ್ಸ್' ಅನ್ನುವ ಸರಣಿ ಮಾಡಿದರು. ಒಟ್ಟು 37 ಚಿತ್ರಗಳು. 1970ರ ದಶಕದ ಕೊನೆಯಿಂದ 80ರ ದಶಕದವರೆಗೆ ಇಲ್ಲಿನ ಟಿವಿ ಆರ್‌ಟಿಇಯಲ್ಲಿ ಬಂದವು. ಕುದುರೆ ಜೀನು ಮಾಡುವವರು, ನೇಕಾರರು, ಕರ್ರಾ ಅನ್ನುವ ದೋಣಿಯ ಚೌಕಟ್ಟಿಗೆ ಟಾರು ಬಳಿದ ಕ್ಯಾನ್ವಾಸು ಹೊದಿಸುವವರು, ಎಲ್ಲರೂ ಅದರಲ್ಲಿದ್ದಾರೆ. ನೋಡುತ್ತಾ ಕೂತರೆ ಏಳಲು ಮನಸ್ಸಾಗುವುದಿಲ್ಲ. ಅವಸರ ಅನ್ನುವುದೇ ಇಲ್ಲ. ಕೈ ಕೆಲಸ ಮಾಡುತ್ತಿದ್ದರೆ ಕ್ಯಾಮೆರಾ ಕೈಯನ್ನೇ ನೋಡುತ್ತದೆ.

ಅದಕ್ಕೂ ಮುಂಚಿನ ಕಥೆ ಬೇರೆ. ನಮ್ಮ ಗಾಲ್ವೇ ಕೊಲ್ಲಿಯ ಬಾಯಲ್ಲೇ ಅರಾನ್ ದ್ವೀಪಗಳಿವೆ. 1934ರಲ್ಲಿ ರಾಬರ್ಟ್ ಫ್ಲಾಹರ್ಟಿ ಅನ್ನುವ ಅಮೆರಿಕದವರು ಅಲ್ಲಿ ಪ್ರಸಿದ್ಧ ಚಿತ್ರ ಒಂದನ್ನು ತೆಗೆದರು. ಅದರಲ್ಲಿ ಅಪ್ಪ, ಅಮ್ಮ, ಮಗ ಅಂತ ತೋರಿಸಿದವರು ನಿಜವಾಗಿ ಒಂದೇ ಮನೆಯವರಲ್ಲ. ನೋಡಲು ಚೆನ್ನಾಗಿದ್ದಾರೆ ಅಂತ ಆರಿಸಿ ಕೂಡಿಸಿದ್ದು. ದ್ವೀಪದವರು ಶಾರ್ಕ್ ಬೇಟೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಸಿನಿಮಾಕ್ಕಾಗಿ ಮತ್ತೆ ಕಲಿಸಿ ಮಾಡಿಸಿದರು. ಚಿತ್ರ ಬಹಳ ಚಂದ. ಆದರೆ ಅಲ್ಲಿ ಬೇಕಾಗಿದ್ದದ್ದು ಕಡಲಿನ ಮುಂದೆ ನಿಂತ ಯಾರೋ ಒಬ್ಬ ಮನುಷ್ಯ. ಇಂಥ ಮನುಷ್ಯನೇ ಅಂತ ಅಲ್ಲ.

ನಮ್ಮ ಊರಿನವನ ಚಿತ್ರಗಳಲ್ಲಿ ಹಾಗಿಲ್ಲ. ಪ್ರತಿ ಸಾಕ್ಷ್ಯಚಿತ್ರವೂ ಕರಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಕಸುಬಿನವರ ಹೆಸರಿನಿಂದ ಶುರುವಾಗುತ್ತದೆ. ಅದರ ಕೆಳಗೆ ಊರು. ಅದರ ಕೆಳಗೆ, ಕೆಲಸ ಕಲಿಸಿದವರ ಹೆಸರು.

ಕೊನೆಯ ಚಿತ್ರ ತಗಡಿನ ಕೆಲಸದ ಒಬ್ಬ ಮುದುಕನದು. ಬಕೆಟ್, ಹಾಲಿನ ಕ್ಯಾನು ಮಾಡುತ್ತಿದ್ದವನು. ಅದು ಟ್ರಾವೆಲರ್‌ಗಳ ಕಸುಬು. ಐರ್ಲೆಂಡಿನಲ್ಲಿ ತಲೆತಲಾಂತರದಿಂದ ಅಲೆಮಾರಿಗಳಾಗಿದ್ದ ಜನ ಅವರು. 2022ರ ಜನಗಣತಿಯ ಪ್ರಕಾರ ಸುಮಾರು 33 ಸಾವಿರ ಇದ್ದಾರೆ. ಪ್ಲಾಸ್ಟಿಕ್ ಬಕೆಟ್ ಬಂದ ಮೇಲೆ ಅವರ ಕೈಕೆಲಸ ಹೋಯಿತು. ಬೇರೆ ಜನಾಂಗ ಅಂತ ಸರ್ಕಾರ ಅವರನ್ನು ಒಪ್ಪಿಕೊಂಡದ್ದು 2017ರ ಮಾರ್ಚ್‌ನಲ್ಲಿ, ಅಷ್ಟು ತಡವಾಗಿ. ಈಗಲೂ ಬಾಡಿಗೆಗೆ ಮನೆ ಕೇಳಿದರೆ, ಮದುವೆಗೆ ಹೋಟೆಲು ಕೇಳಿದರೆ ಅವರಿಗೆ ಸಿಗುವ ಉತ್ತರ ಏನು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಬುಟ್ಟಿ ಚಿತ್ರಕ್ಕೆ ಜೋರಾಗಿ ಚಪ್ಪಾಳೆ ಹೊಡೆದ ಹಾಲ್ ಇದಕ್ಕೂ ಹೊಡೆಯಿತು, ಸ್ವಲ್ಪ ಮೆಲ್ಲಗೆ.

ವಾಪಸ್ ಬರುವಾಗ ಕಾರಿನಲ್ಲಿ ಅಜ್ಜಿ ಆ ಮುದುಕನ ವಿಷಯವನ್ನೇ ಮಾತಾಡಿದರು. ಅವರ ಚಿಕ್ಕಂದಿನಲ್ಲಿ ವರ್ಷಕ್ಕೊಮ್ಮೆ ಟ್ರಾವೆಲರ್‌ಗಳು ಬರುತ್ತಿದ್ದರಂತೆ. ರಸ್ತೆ ಪಕ್ಕ ಬಿಡಾರ ಹಾಕಿ, ತೂತು ಬಿದ್ದ ಬಕೆಟ್ಟುಗಳನ್ನೆಲ್ಲ ಸರಿಮಾಡಿ ಕೊಟ್ಟು ಹೋಗುತ್ತಿದ್ದರಂತೆ. "ಅವರ ಕೈ ತುಂಬಾ ಒಳ್ಳೆಯದು. ಆದರೆ ಒಳಗೆ ಕರೆಯುತ್ತಿರಲಿಲ್ಲ. ಹೆಸರೂ ಯಾರೂ ಕೇಳಲಿಲ್ಲ," ಅಂದರು. ತಪ್ಪು ಅಂತಲೂ ಹೇಳಲಿಲ್ಲ, ಸರಿ ಅಂತಲೂ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ನಮ್ಮ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗೆಲ್ಲ ಬ್ರೆಡ್ಡು ಮಾಡಿ ತಂದುಕೊಡುವ ಹೆಂಗಸು ಇವರು.

ಹಿಂದಿನ ಸೀಟಿನಲ್ಲಿ ಮಗಳು ತನ್ನ ಕಮೋಗಿ ಕೋಲನ್ನು ತಿರುಗಿಸುತ್ತಾ ಕೂತಿದ್ದಳು. ಹರ್ಲಿಂಗ್ ಅಂದರೆ ಕೋಲಿನಿಂದ ಚೆಂಡು ಹೊಡೆಯುವ ಇಲ್ಲಿನ ಆಟ. ಗಂಡಸರು ಆಡುವ ಅದನ್ನೇ ಹೆಂಗಸರು ಆಡಿದರೆ ಕಮೋಗಿ. ಆ ಕೋಲನ್ನು ಆ್ಯಶ್ ಮರದ ಬುಡದಿಂದ, ಕಾಂಡ ಬೇರಿನ ಕಡೆ ಬಾಗುವ ಜಾಗ ನೋಡಿ ಕತ್ತರಿಸುತ್ತಿದ್ದರು. 2012ರಲ್ಲಿ ಇಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಆ ಮರಗಳನ್ನು ಸಾಯಿಸುತ್ತಾ ಬಂದಿದೆ. ಹಾಗಾಗಿ ಈಗ ಬಿದಿರಿನ ಕೋಲುಗಳೂ ಬಂದಿವೆ. ಮಗಳದ್ದು ಅದೇ. ಅವಳು ಅದನ್ನು ನನ್ನ ಭುಜಕ್ಕೆ ತಟ್ಟಿ ಕೇಳಿದಳು: "ನಿಮ್ಮೂರಲ್ಲಿ ಬಿದಿರು ಜಾಸ್ತಿ ಅಂತೀಯಲ್ಲ. ಅಲ್ಲಿ ಬುಟ್ಟಿ ಮಾಡ್ತಿದ್ದವರ ಹೆಸರೇನು?"

"ಮೇದಾರರು," ಅಂದೆ.

"ಅದು ಹೆಸರಾ?"

"ಅಲ್ಲ, ಜಾತಿ."

"ನಾನು ಹೆಸರು ಕೇಳಿದ್ದು."

ನಾನು ಗೇರ್ ಬದಲಿಸಿದೆ.

ಅರಸೀಕೆರೆ ಕಡೆಯ ನಮ್ಮ ಹಳ್ಳಿಗೆ ಅವನು ಗೌರಿ ಹಬ್ಬದ ಮುಂಚೆ ತಪ್ಪದೆ ಬರುತ್ತಿದ್ದ. ಮರದ ಬಾಗಿನಕ್ಕೆ ಜೊತೆ ಮೊರ ಬೇಕಲ್ಲ. ತಲೆ ಮೇಲೆ ಮೊರದ ಅಟ್ಟಿ, ಹೆಗಲಿಗೆ ಮಂಕರಿ, ಕುಕ್ಕೆ. ಹೊಸ ಮೊರದ ಹಸಿ ಬಿದಿರಿನ ವಾಸನೆ, ಅದಕ್ಕೆ ಅಮ್ಮ ಹಚ್ಚುತ್ತಿದ್ದ ಅರಿಶಿನದ ವಾಸನೆ, ಎರಡೂ ಸೇರಿದರೆ ನನಗೆ ಇವತ್ತಿಗೂ ಗೌರಿ ಹಬ್ಬ. ಬಳೆ, ಕನ್ನಡಿ, ಬಾಚಣಿಗೆ, ಧಾನ್ಯ ತುಂಬಿ, ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಮುತ್ತೈದೆಯರಿಗೆ ಕೊಡುತ್ತೇವೆ. ಅಷ್ಟು ಪವಿತ್ರ ವಸ್ತು. ತಂದವನು ಮಾತ್ರ ಜಗಲಿಯ ಕೆಳಗೇ. ಕಾಫಿ ಕೊಡಲು ಅವನಿಗೆ ಬೇರೆ ಲೋಟ ಇತ್ತು, ತುಳಸಿ ಕಟ್ಟೆಯ ಹಿಂದಿನ ಗೂಡಿನಲ್ಲಿ. ಹೊರದೇಶಕ್ಕೆ ಬಂದು ನಮ್ಮ ಸಂಸ್ಕೃತಿ ಅಂತ ಭಾಷಣ ಮಾಡುವಾಗ ಯಾರೂ ಆ ಲೋಟದ ವಿಷಯ ಎತ್ತುವುದಿಲ್ಲ.

ಮರುದಿನ ಅಮ್ಮನಿಗೆ ಫೋನ್ ಮಾಡಿದೆ.

"ಅವನ ಹೆಸರು ಕಟ್ಕೊಂಡು ನಿನಗೇನಾಗಬೇಕೇ ಈಗ?" ಅಂದರು. ಆಮೇಲೆ ತಾವೇ ಯೋಚನೆಗೆ ಬಿದ್ದರು. ಅವನ ಮೊರ ಹತ್ತು ವರ್ಷ ಬಾಳಿಕೆ ಬರುತ್ತಿತ್ತು. ದುಡ್ಡಿಗಿಂತ ರಾಗಿಯನ್ನೇ ಕೇಳುತ್ತಿದ್ದ. ಕಾಡಿನ ಬಿದಿರು ಸಿಗಲ್ಲ, ಫಾರೆಸ್ಟಿನವರು ಹಿಡೀತಾರೆ ಅಂತ ಗೊಣಗುತ್ತಿದ್ದ. ಎಡಗೈಯಲ್ಲಿ ಒಂದು ಬೆರಳು ಇರಲಿಲ್ಲ. ಇಷ್ಟೆಲ್ಲಾ ಅಮ್ಮನಿಗೆ ಗೊತ್ತು. ಹೆಸರು ಗೊತ್ತಿಲ್ಲ. "ಮೇದರವನು ಬಂದ ಅಂತಿದ್ವಿ, ಅಷ್ಟೇ."

ನನಗೆ ವಿಚಿತ್ರ ಅನ್ನಿಸಿದ್ದು ಇಲ್ಲಿ. ಹನ್ನೆರಡನೇ ಶತಮಾನದ ಒಬ್ಬ ಬುಟ್ಟಿ ಹೆಣೆಯುವವರ ಹೆಸರು ನನಗೆ ಶಾಲೆಯಿಂದಲೂ ಬಾಯಿಪಾಠ. ಮೇದಾರ ಕೇತಯ್ಯ. ಹಗ್ಗ ಹೊಸೆಯುವವರ ಹೆಸರೂ ಗೊತ್ತು, ನುಲಿಯ ಚಂದಯ್ಯ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ. ಕಲ್ಯಾಣದ ಶರಣರು ಕಸುಬನ್ನೂ ಹೆಸರನ್ನೂ ಒಟ್ಟಿಗೆ ಇಟ್ಟುಕೊಂಡಿದ್ದರು, ಒಂದು ಇನ್ನೊಂದನ್ನು ನುಂಗಲಿಲ್ಲ. ಎಂಟುನೂರು ವರ್ಷ ಆದ ಮೇಲೆ, ಪ್ರತಿ ವರ್ಷ ಮನೆ ಬಾಗಿಲಿಗೆ ಬಂದವನ ಹೆಸರಲ್ಲಿ ನಮಗೆ ಉಳಿದದ್ದು ಬರೀ ಮೊದಲರ್ಧ. ಈಗ ಬೆಂಗಳೂರಿನ ದೊಡ್ಡ ಕರಕುಶಲ ಅಂಗಡಿಗೆ ಹೋದರೂ ಅಷ್ಟೇ. ಚೀಟಿಯ ಮೇಲೆ ಬೆಲೆ ಇರುತ್ತದೆ, ಊರಿನ ಹೆಸರೂ ಇರಬಹುದು. ಮಾಡಿದವರ ಹೆಸರು ಇದ್ದರೆ ನಿಮ್ಮ ಅದೃಷ್ಟ.

ಐರ್ಲೆಂಡಿನವರು ನಮಗಿಂತ ಒಳ್ಳೆಯವರು ಅಂತ ಹೇಳುತ್ತಿಲ್ಲ. ಕಾರಿನಲ್ಲಿ ಅಜ್ಜಿ ಹೇಳಿದ್ದು ಕೇಳಿದಿರಲ್ಲ. ಕಸುಬು ಹೊಟ್ಟೆ ತುಂಬಿಸುತ್ತಿದ್ದ ಕಾಲದಲ್ಲಿ ಇಲ್ಲೂ ಯಾರೂ ಹೆಸರು ಕೇಳಲಿಲ್ಲ. ಕಸುಬು ಸತ್ತ ಮೇಲೆ ಹಾಲ್ ತುಂಬಿತು. ವ್ಯತ್ಯಾಸ ಇಷ್ಟೇ: ಮದುವೆ ವಿಡಿಯೋ ತೆಗೆಯುವ ಒಬ್ಬ ಹುಡುಗ ಆ ತಗಡಿನ ಮುದುಕನ ಮನೆಗೆ ಹೋಗಿ, ಕೂತು, ಹೆಸರು ಕೇಳಿ, ಅದನ್ನು ಮೊದಲು ಬರೆದ. ಅದಕ್ಕೆ ಜಾಸ್ತಿ ದುಡ್ಡೂ ಬೇಕಾಗಲಿಲ್ಲ.

ಮೊನ್ನೆ ರಾತ್ರಿ ಅಮ್ಮನೇ ಫೋನ್ ಮಾಡಿದರು, ಅಲ್ಲಿ ಬೆಳಗಿನ ಜಾವ. "ಅವನ ಹೆಂಡತಿ ಹೆಸರು ನೆನಪಾಯ್ತು ಕಣೇ," ಅಂದರು. ಅವಳು ಹಿತ್ತಿಲ ಕಡೆಯಿಂದ ಬರುತ್ತಿದ್ದಳಂತೆ. ಬಾವಿ ಕಟ್ಟೆಯಿಂದ ದೂರ ನಿಂತೇ ಅಮ್ಮನ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದಳಂತೆ. ಹೆರಿಗೆ, ಮಕ್ಕಳು, ಗಂಡನ ಕುಡಿತ. ಮಗಳು ಫೋನು ಕಿತ್ತುಕೊಂಡು, "ಅಜ್ಜಿ, ಅವರೂ ಬುಟ್ಟಿ ಮಾಡ್ತಿದ್ರಾ?" ಅಂತ ಕೇಳಿದಳು.

"ಅಯ್ಯೋ, ಮೊರ ಹೆಣೀತಿದ್ದವಳೇ ಅವಳು! ಅವನು ಬಿದಿರು ಸೀಳಿ ಕೊಡ್ತಿದ್ದ, ಹೊತ್ಕೊಂಡು ಹೋಗಿ ಮಾರ್ತಿದ್ದ, ಅಷ್ಟೇ."

ಆ ಹೆಸರನ್ನು ಇಲ್ಲಿ ಬರೆಯಲು ನನ್ನ ಕೈ ತುರಿಸುತ್ತಿದೆ. ಆದರೆ ಅವಳ ಮಕ್ಕಳನ್ನು ಕೇಳದೆ ಹಾಕುವುದು ಸರಿಯಲ್ಲ. ಒಬ್ಬ ಮಗ ತಿಪಟೂರಿನಲ್ಲಿ ಆಟೋ ಓಡಿಸುತ್ತಾನಂತೆ. ನನ್ನ ತಮ್ಮ ಹಬ್ಬಕ್ಕೆ ಊರಿಗೆ ಹೋಗುತ್ತಿದ್ದಾನೆ, ಹುಡುಕಿ ಕೇಳಿಕೊಂಡು ಬಾ ಅಂದಿದ್ದೇನೆ. ಹಾಗೇ ಅಪ್ಪನ ಹೆಸರನ್ನೂ.