ಪಿನ್ 6ರ ಪಕ್ಕದ ಪಸೆ

ಕಾಸರಗೋಡಿನಲ್ಲಿ ಹಳೆಯ ಮೀಟರ್, ಕಂಟ್ರೋಲರ್ ರಿಪೇರಿ ಮಾಡುವುದು ನನ್ನ ಕೆಲಸ. ಹೋದ ವರ್ಷ ಜೋರು ಮಳೆಯ ಆಟಿ ತಿಂಗಳಲ್ಲಿ ಬದಿಯಡ್ಕ ಕಡೆಯವರೊಬ್ಬರು ಕೊಬ್ಬರಿ ಡ್ರೈಯರಿನ ಎಂಟು ಚಾನೆಲ್ ಟೆಂಪರೇಚರ್ ಡಬ್ಬ ತಂದರು. "ಬೇಸಿಗೆಯಲ್ಲಿ ಸರಿ ಉಂಟು ಮಾರಾಯ್ರೆ. ಮಳೆ ಹಿಡಿದ್ರೆ ಡಿಗ್ರಿ ಕಡಿಮೆ ತೋರಿಸ್ತದೆ."

ಕಾಯಿಲೆ ಏನೆಂದು ಅವರೇ ಹೇಳಿಬಿಟ್ಟಿದ್ದರು. ನನ್ನ ಕಿವಿಗೆ ಹೋಗಲಿಲ್ಲ, ಅಷ್ಟೇ.

ಎಂಟು ಸೆನ್ಸರಿಗೆ ಎಡಿಸಿ, ಅಂದರೆ ಸೆನ್ಸರಿನ ವೋಲ್ಟೇಜನ್ನು ಅಂಕಿ ಮಾಡುವ ಭಾಗ, ಒಂದೇ. ಅದೂ ನಿಧಾನದ್ದು, ಒಂದು ಅಳತೆಗೆ ಸುಮಾರು 100 ಮಿಲಿಸೆಕೆಂಡ್. ಅಷ್ಟು ಹೊತ್ತು ವೋಲ್ಟೇಜನ್ನು ಹಿಡಿದಿಡುವುದು ಎಲ್‌ಎಫ್398 ಐಸಿ ಮತ್ತು 0.01 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಕೊಡದಲ್ಲಿ ನೀರು ಹಿಡಿದಿಟ್ಟು ಅಳೆದ ಹಾಗೆ.

ಐಸಿ ಬದಲಿಸಿದೆ. ಏನೂ ಆಗಲಿಲ್ಲ. ಕೆಪ್ಯಾಸಿಟರ್ ಮೇಲೆ ಸಂಶಯ ಬಂತು, ಡ್ರಾಯರಿನಲ್ಲಿದ್ದ ಸೆರಾಮಿಕ್ ಡಿಸ್ಕ್ ಹಾಕಿದೆ. ಈಗ ಹೊಸ ತಾಪತ್ರಯ. ಬಿಸಿ ಚಾನೆಲ್ ಆದ ಮೇಲೆ ಬರುವ ತಣ್ಣನೆ ಚಾನೆಲ್ ಸ್ವಲ್ಪ ಜಾಸ್ತಿ ತೋರಿಸತೊಡಗಿತು. ಅಂಥ ಸೆರಾಮಿಕ್ ಹಳೆಯ ವೋಲ್ಟೇಜನ್ನು ಪೂರ್ತಿ ಮರೆಯುವುದಿಲ್ಲ. ಈ ಜಾಗಕ್ಕೆ ಪಾಲಿಪ್ರೊಪಿಲೀನ್ ಅಥವಾ ಪಾಲಿಸ್ಟೈರೀನ್ ಬೇಕು. ಗೊತ್ತಿದ್ದೂ ಸೋಮಾರಿತನ ಮಾಡಿದ್ದೆ. ಹಳೆಯದನ್ನೇ ವಾಪಸ್ ಹಾಕಿದೆ.

ಆಮೇಲೆ ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪ್ರೋಬನ್ನು ನೇರ ಕೆಪ್ಯಾಸಿಟರಿಗೇ ಇಟ್ಟೆ. ವೋಲ್ಟೇಜ್ ಜಾರುಬಂಡೆಯ ಹಾಗೆ ಇಳಿಯಿತು. ಸಿಕ್ಕಿತು ಅಂದುಕೊಂಡೆ. ಅಲ್ಲ, ಅದನ್ನು ಖಾಲಿ ಮಾಡುತ್ತಿದ್ದದ್ದು ಪ್ರೋಬಿನದೇ 10 ಮೆಗಾಓಮ್! ಪ್ರೋಬನ್ನು ಐಸಿಯ ಔಟ್‌ಪುಟ್, ಅಂದರೆ ಪಿನ್ 5ಕ್ಕೆ ಇಟ್ಟಾಗ ನಿಜವಾದ ಇಳಿತ ಕಂಡಿತು. ಬೋರ್ಡಿನ ಮೇಲೆ ಬಾಯಿಂದ ಉಸಿರು ಬಿಟ್ಟೆ. ಇಳಿತ ಇನ್ನೂ ಜೋರಾಯಿತು.

ಆಗ ಮಳೆಯ ಮಾತು ನೆನಪಾಯಿತು.

ಕೆಪ್ಯಾಸಿಟರ್ ಸೇರುವ ಪಿನ್ 6ರ ಪಕ್ಕದಲ್ಲೇ ಪಿನ್ 7, ಈ ಬೋರ್ಡಿನಲ್ಲಿ ಅದು ಗ್ರೌಂಡ್. ನಡುವೆ ಬೆಸುಗೆಯಿಂದ ಉಳಿದ ಹಳೆಯ ಫ್ಲಕ್ಸ್, ಹೊಗೆಯ ಜಿಡ್ಡು, ಅದರ ಮೇಲೆ ಪಸೆ. ಅಲ್ಲಿ 1000 ಮೆಗಾಓಮ್ ಇದ್ದರೂ 5 ವೋಲ್ಟಿಗೆ 5 ನ್ಯಾನೋಆಂಪಿಯರ್ ಸೋರುತ್ತದೆ. 100 ಮಿಲಿಸೆಕೆಂಡಿನಲ್ಲಿ 50 ಮಿಲಿವೋಲ್ಟ್ ಹೋಯಿತು. ಈ ಡಬ್ಬದಲ್ಲಿ 5 ವೋಲ್ಟ್ ಅಂದರೆ 100 ಡಿಗ್ರಿ, ಹಾಗಾಗಿ ಒಂದು ಡಿಗ್ರಿ ಕಡಿಮೆ. ಮಲ್ಟಿಮೀಟರಿನಲ್ಲಿ ನೋಡಿದರೆ 'ಓಪನ್' ಅಂತಲೇ ತೋರಿಸುತ್ತದೆ. ಐಸಿಯ ಸ್ವಂತ ಸೋರಿಕೆ ಸಾಮಾನ್ಯವಾಗಿ ಇದರ ನೂರರಲ್ಲಿ ಒಂದು ಪಾಲೂ ಇಲ್ಲ. ಪಾಪ, ಅದನ್ನು ಸುಮ್ನೆ ಕಿತ್ತಿದ್ದೆ.

ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿದೆ. ಪಿನ್ 6 ಅನ್ನು ಬೋರ್ಡಿನಿಂದ ಎತ್ತಿ, ಕೆಪ್ಯಾಸಿಟರ್ ಕಾಲನ್ನು ಗಾಳಿಯಲ್ಲೇ ಬೆಸುಗೆ ಹಾಕಿದೆ. ಪಿನ್ 5ಕ್ಕೆ ಸೇರಿದ ಗಾರ್ಡ್ ರಿಂಗ್, ಅಂದರೆ ಅದೇ ವೋಲ್ಟೇಜಿನ ತಾಮ್ರದ ಬಳೆ, ಪಿನ್ 6ರ ಸುತ್ತಲೂ ಇದ್ದಿದ್ದರೆ ಇದೆಲ್ಲ ಬೇಡವಿತ್ತು. ಬೋರ್ಡ್ ಮಾಡಿದವರು ನಮ್ಮ ಮಳೆ ನೋಡಿರಲಿಲ್ಲವೋ ಏನೋ.

ಈ ಆಟಿಯಲ್ಲಿ ಅವರು ಬಂದಿದ್ದರು. ಮಿಕ್ಸಿ ರಿಪೇರಿಗೆ.